ಅಳಿಸಲಾಗದ ಸ್ಲೇಟು ಮತ್ತು ಅದರ ವೇಷಧಾರಿಗಳು

ಒಂದು ಸ್ಲೇಟನ್ನು ಕಲ್ಪಿಸಿಕೊಳ್ಳಿ. ಅದರ ಮೇಲೆ ಎಷ್ಟು ಬೇಕಾದರೂ ಬರೆಯಬಹುದು, ಗೆರೆ ಎಳೆಯಬಹುದು. ಆದರೆ ತಪ್ಪಿ ಬರೆದ ಒಂದು ಅಕ್ಷರವನ್ನು ಮಾತ್ರ ಒರೆಸಲು ಬರುವುದಿಲ್ಲ. ಒರೆಸುವುದಾದರೆ ಇಡೀ ಸ್ಲೇಟನ್ನೇ ತೊಳೆಯಬೇಕು. ತೊಳೆಯುವಾಗ ಅದು ಒಮ್ಮೆ ಫಕ್ಕನೆ ಹಸಿರಾಗಿ ಹೊಳೆದು, ಸುಮಾರು ಒಂದು ಸೆಕೆಂಡು ಯಾರ ಮಾತಿಗೂ ಕಿವಿಗೊಡದೆ ಕುಳಿತು, ಆಮೇಲೆ ಬರಿದಾಗುತ್ತದೆ. 1970ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಪ್ರಯೋಗಾಲಯಗಳಲ್ಲಿ, ಕಾರ್ಖಾನೆಗಳ ನಕ್ಷೆಯ ಕೋಣೆಗಳಲ್ಲಿ ಎಂಜಿನಿಯರುಗಳು ದಿನವಿಡೀ ಕುಳಿತು ನೋಡುತ್ತಿದ್ದದ್ದು ಇಂಥ ಸ್ಲೇಟನ್ನೇ. ಅದರ ಹೆಸರು ಟೆಕ್ಟ್ರಾನಿಕ್ಸ್ 4010.

ಆ ಯಂತ್ರಗಳು ಈಗ ವಸ್ತುಸಂಗ್ರಹಾಲಯಗಳಲ್ಲಿ, ಹವ್ಯಾಸಿಗಳ ಕೋಣೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿವೆ. ಆದರೆ ಅವುಗಳಿಗಾಗಿ ಬರೆದ ಪ್ರೋಗ್ರಾಮುಗಳು ಇನ್ನೂ ಇವೆ. ಅವುಗಳ ಪರದೆಯ ಮೇಲೆ ಮೂಡಲೆಂದು ಕಡತಗಳಲ್ಲಿ ತುಂಬಿಟ್ಟ ನಕ್ಷೆಗಳು, ಆಲೇಖಗಳು ಇವೆ. ಅವನ್ನು ಕಣ್ಣಿಂದ ನೋಡಬೇಕಾದರೆ ಇಂದಿನ ಕಂಪ್ಯೂಟರು ಆ ಹಳೆಯ ಯಂತ್ರದ ವೇಷ ಹಾಕಬೇಕು. ಹೀಗೆ ಒಂದು ಯಂತ್ರದ ವೇಷ ಹಾಕುವ ಪ್ರೋಗ್ರಾಮಿಗೆ ಎಮ್ಯುಲೇಟರ್ ಎಂದು ಹೆಸರು.

ಕೈಪಿಡಿ ಇದೆ, ಆಜ್ಞೆಗಳ ಪಟ್ಟಿ ಇದೆ, ಕಂಪ್ಯೂಟರುಗಳೋ ಅಂದಿಗಿಂತ ಸಾವಿರಾರು ಪಟ್ಟು ಬಲಶಾಲಿ. ಇನ್ನೇನು ಕಷ್ಟ ಎನಿಸಬಹುದು. ಆದರೂ ನಲವತ್ತು ವರ್ಷಗಳಿಂದ ಈ ವೇಷಧಾರಿಗಳು ಒಂದಲ್ಲ ಒಂದು ಕಡೆ ಎಡವುತ್ತಲೇ ಬಂದಿದ್ದಾರೆ. ಹಳೆಯ ಯಂತ್ರ ಏನು ಮಾಡುತ್ತಿತ್ತು ಎಂಬುದನ್ನು ಕೈಪಿಡಿ ಹೇಳುತ್ತದೆ. ಅದಕ್ಕೆ ಏನು ಬರುತ್ತಿರಲಿಲ್ಲ, ಎಲ್ಲಿ ತಡವರಿಸುತ್ತಿತ್ತು ಎಂಬುದನ್ನೂ ನಂಬಿಕೊಂಡು ಪ್ರೋಗ್ರಾಮು ಬರೆದವರಿದ್ದರು. ತೊಂದರೆಯೆಲ್ಲ ಹುಟ್ಟುವುದು ಅಲ್ಲಿ.

ಗಾಜೇ ನೆನಪು

ಮೊದಲು ಟರ್ಮಿನಲ್ ಎಂದರೇನು ಎಂದು ನೋಡೋಣ. ಆಗಿನ ಕಾಲದಲ್ಲಿ ಕಂಪ್ಯೂಟರು ಒಂದು ಕೋಣೆ ತುಂಬುವ ವಸ್ತು. ಹತ್ತಾರು ಜನ ಅದನ್ನು ಹಂಚಿಕೊಂಡು ಬಳಸುತ್ತಿದ್ದರು. ಪ್ರತಿಯೊಬ್ಬರ ಮೇಜಿನ ಮೇಲೆ ಇರುತ್ತಿದ್ದದ್ದು ಒಂದು ಕೀಲಿಮಣೆ, ಒಂದು ಪರದೆ, ಕಂಪ್ಯೂಟರಿಗೆ ಹೋಗುವ ಒಂದು ತಂತಿ. ಇದೇ ಟರ್ಮಿನಲ್. ತಂತಿಯಲ್ಲಿ ಒಂದರ ಹಿಂದೆ ಒಂದು ಅಕ್ಷರ ಬರುತ್ತಿತ್ತು, ಪರದೆಯ ಮೇಲೆ ಮೂಡುತ್ತಿತ್ತು. ದೂರವಾಣಿಯ ತಂತಿಯಾದರೆ ಸೆಕೆಂಡಿಗೆ 30 ಅಕ್ಷರ ಬಂದರೂ ಸಂತೋಷಪಡುವ ಕಾಲ ಅದು.

ಅಕ್ಷರಗಳಿಗೇನೋ ಅಷ್ಟು ಸಾಕು. ಚಿತ್ರಕ್ಕೆ? ಪರದೆಯ ಮೇಲೆ ಅಡ್ಡಕ್ಕೆ 1024, ಉದ್ದಕ್ಕೆ 780 ಬಿಂದುಗಳಿವೆ ಎನ್ನೋಣ. ಪ್ರತಿ ಬಿಂದುವೂ ಬೆಳಗಿದೆಯೇ ಇಲ್ಲವೇ ಎಂದು ನೆನಪಿಡಲು ಒಂದೊಂದು ಬಿಟ್ ಬೇಕು. ಒಟ್ಟು 7,98,720 ಬಿಟ್‌ಗಳು. ಇಂಟೆಲ್ ಕಂಪನಿ 1970ರಲ್ಲಿ ಮಾರುಕಟ್ಟೆಗೆ ತಂದ 1103 ಎಂಬ ಹೆಸರಾಂತ ನೆನಪಿನ ಚಿಪ್ಪಿನಲ್ಲಿ ಹಿಡಿಸುತ್ತಿದ್ದದ್ದು 1024 ಬಿಟ್. ಅಂದರೆ ಒಂದು ಪರದೆಗೆ ಸರಿಯಾಗಿ 780 ಚಿಪ್ಪುಗಳು! ಅಷ್ಟು ಖರ್ಚು ಹೊರುವವರು ಯಾರು? ಇನ್ನೊಂದು ದಾರಿಯೂ ಇತ್ತು. ಐಬಿಎಂ 1964ರಲ್ಲಿ ತಂದ 2250 ಎಂಬ ಯಂತ್ರದಲ್ಲಿ ಎಲೆಕ್ಟ್ರಾನ್ ಕಿರಣ ಅದೇ ಗೆರೆಗಳನ್ನು ಸೆಕೆಂಡಿಗೆ ಹತ್ತಾರು ಬಾರಿ ಮತ್ತೆ ಮತ್ತೆ ಎಳೆಯುತ್ತ ಚಿತ್ರವನ್ನು ಜೀವಂತವಾಗಿಡುತ್ತಿತ್ತು. ಅದರ ಬೆಲೆಯೂ ಸಾಮಾನ್ಯ ಪ್ರಯೋಗಾಲಯಕ್ಕೆ ಎಟುಕುವಂಥದ್ದಲ್ಲ.

ಪರಿಹಾರ ಬಂದದ್ದು ಕಂಪ್ಯೂಟರು ತಯಾರಕರಿಂದಲ್ಲ. ಅಮೆರಿಕದ ಆರೆಗನ್ ರಾಜ್ಯದಲ್ಲಿ 1946ರಲ್ಲಿ ಹುಟ್ಟಿದ ಟೆಕ್ಟ್ರಾನಿಕ್ಸ್ ಕಂಪನಿಗೆ ಹೆಸರಿದ್ದದ್ದು ಆಸಿಲೋಸ್ಕೋಪುಗಳಿಂದ, ಅಂದರೆ ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಉಪಕರಣಗಳಿಂದ. ಕ್ಷಣಾರ್ಧದಲ್ಲಿ ಬಂದು ಹೋಗುವ ಅಲೆಯೊಂದನ್ನು ಪರದೆಯ ಮೇಲೆ ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬುದು ಅವರ ಚಿಂತೆಯಾಗಿತ್ತು. ಅಲ್ಲಿನ ರಾಬರ್ಟ್ ಆಂಡರ್ಸನ್ ಎಂಬ ಎಂಜಿನಿಯರು ಅದಕ್ಕಾಗಿ ರೂಪಿಸಿದ ಸಂಗ್ರಹ ನಳಿಕೆ 1963ರಲ್ಲಿ 564 ಎಂಬ ಆಸಿಲೋಸ್ಕೋಪಿನಲ್ಲಿ ಬಂತು.

ಈ ನಳಿಕೆಯೊಳಗೆ ಎರಡು ಬಗೆಯ ಎಲೆಕ್ಟ್ರಾನ್ ಕೋವಿಗಳು. ಒಂದು, ಲೇಖನಿಯಂತೆ ಸೂಜಿಮೊನೆಯ ಕಿರಣ ಬಿಡುವ ಬರೆಯುವ ಕೋವಿ. ಇನ್ನೊಂದು ಬಗೆಯವು ಇಡೀ ಪರದೆಯ ಮೇಲೆ ಸದಾ ಎಲೆಕ್ಟ್ರಾನುಗಳ ತುಂತುರು ಸುರಿಸುವಂಥವು. ಬರೆಯುವ ಕಿರಣ ರಭಸದಿಂದ ಬಡಿದ ಕಡೆ ರಂಜಕದ ಲೇಪದಿಂದ, ಬಂದದ್ದಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಹಾಗಾಗಿ ಆ ಜಾಗ ಧನ ವಿದ್ಯುದಂಶ ಪಡೆಯುತ್ತದೆ. ಅದು ತುಂತುರನ್ನು ತನ್ನತ್ತ ಸೆಳೆಯುತ್ತದೆ. ಸೆಳೆತಕ್ಕೆ ಸಿಕ್ಕ ಎಲೆಕ್ಟ್ರಾನುಗಳು ಜೋರಾಗಿ ಬಡಿಯುವುದರಿಂದ ಅಲ್ಲಿ ಬೆಳಕೂ ಉಳಿಯುತ್ತದೆ, ವಿದ್ಯುದಂಶವೂ ಉಳಿಯುತ್ತದೆ. ಬರೆಯದೆ ಬಿಟ್ಟ ಜಾಗ ತುಂತುರನ್ನು ಹತ್ತಿರ ಬಿಟ್ಟುಕೊಳ್ಳದೆ ಕತ್ತಲಾಗಿಯೇ ಇರುತ್ತದೆ. ಒಮ್ಮೆ ಎಳೆದ ಗೆರೆ ತಾನಾಗಿಯೇ ನಿಲ್ಲುತ್ತದೆ. ಚಿಪ್ಪೂ ಬೇಡ, ಮತ್ತೆ ಮತ್ತೆ ಎಳೆಯುವ ಶ್ರಮವೂ ಬೇಡ. ಗಾಜಿನ ಮೇಲಿನ ಲೇಪವೇ ನೆನಪು.

1972ರಲ್ಲಿ ಬಂದ 4010ರ ಬೆಲೆ ಸುಮಾರು ನಾಲ್ಕು ಸಾವಿರ ಡಾಲರ್. ಇಂದಿನ ಲೆಕ್ಕದಲ್ಲಿ ಅದೇನೂ ಕಡಿಮೆಯಲ್ಲ. ಆದರೆ ಅಂದು ಚಿತ್ರ ಬರೆಯುವ ಟರ್ಮಿನಲ್ ಈ ಬೆಲೆಗೆ ಸಿಗುವುದೆಂದರೆ ಕ್ರಾಂತಿಯೇ. ಎರಡು ವರ್ಷದ ನಂತರ 19 ಅಂಗುಲದ 4014 ಬಂತು. ಕೆಲವೇ ವರ್ಷಗಳಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಚಿತ್ರಗಳ ಪ್ರೋಗ್ರಾಮು ಬರೆಯುವವರೆಲ್ಲ ಈ ಯಂತ್ರಗಳ ಭಾಷೆಯನ್ನೇ ಕಲಿತರು.

ಅಗ್ಗಕ್ಕೆ ತೆತ್ತ ಬೆಲೆಯೂ ಇತ್ತು. ಗೆರೆ ಅಳಿಸಲಾಗದು ಎಂದು ಮೊದಲೇ ಹೇಳಿದೆವು. ಸಾಲುಗಳನ್ನು ಮೇಲಕ್ಕೆ ಸರಿಸುವುದೂ ಸಾಧ್ಯವಿಲ್ಲ. 4010ರಲ್ಲಿ ಸಾಲಿಗೆ 74 ಅಕ್ಷರದಂತೆ 35 ಸಾಲು ತುಂಬಿದ ಮೇಲೆ ಬರವಣಿಗೆ ಪರದೆಯ ತಲೆಗೆ ಹೋಗಿ, ಈ ಸಲ ಅಡ್ಡಗಲದ ಮಧ್ಯದಿಂದ, ಮೊದಲೇ ಇದ್ದ ಅಕ್ಷರಗಳ ಮೇಲೆಯೇ ಶುರುವಾಗುತ್ತಿತ್ತು! ಓದಬೇಕೆಂದರೆ ಕೂತವನು ಸಮಯಕ್ಕೆ ಸರಿಯಾಗಿ ಪೇಜ್ ಎಂಬ ಕೀಲಿ ಒತ್ತಿ ಪರದೆ ತೊಳೆಯಬೇಕು. ಒಂದೆರಡು ನಿಮಿಷ ಏನೂ ನಡೆಯದಿದ್ದರೆ ನಳಿಕೆ ಸವೆಯದಿರಲೆಂದು ಚಿತ್ರ ತಾನಾಗಿ ಮಂಕಾಗುತ್ತಿತ್ತು. ಶಿಫ್ಟ್ ಕೀಲಿ ಮುಟ್ಟಿದರೆ ಮತ್ತೆ ಹೊಳೆಯುತ್ತಿತ್ತು.

ಅಕ್ಷರದೊಳಗೆ ಅಡಗಿದ ಚಿತ್ರ

ಈಗ ಭಾಷೆಯ ಮಾತು. ತಂತಿಯಲ್ಲಿ ಬರುವುದು ಅಕ್ಷರಗಳು ಮಾತ್ರ. ಹಾಗಿದ್ದರೆ ಗೆರೆ ಎಲ್ಲಿಂದ ಎಲ್ಲಿಗೆ ಎಂದು ಹೇಳುವುದು ಹೇಗೆ? ಟೆಕ್ಟ್ರಾನಿಕ್ಸ್‌ನವರು ಬಿಂದುವಿನ ಸ್ಥಾನವನ್ನೇ ಅಕ್ಷರಗಳಲ್ಲಿ ಅಡಗಿಸಿದರು. ಒಂದು ವಿಶೇಷ ಸಂಕೇತ ಬಂದರೆ ಟರ್ಮಿನಲ್ ಬರೆಯುವುದನ್ನು ಬಿಟ್ಟು ಗೆರೆ ಎಳೆಯುವ ಸ್ಥಿತಿಗೆ ಹೋಗುತ್ತದೆ. ಆಮೇಲೆ ಬರುವ ನಾಲ್ಕು ನಾಲ್ಕು ಅಕ್ಷರಗಳು ಒಂದೊಂದು ಬಿಂದು: ಎತ್ತರದ ಮೇಲ್ಭಾಗ, ಎತ್ತರದ ಕೆಳಭಾಗ, ಅಡ್ಡದ ಮೇಲ್ಭಾಗ, ಅಡ್ಡದ ಕೆಳಭಾಗ. ಮೇಲ್ಭಾಗವೆಂದರೆ ಸಂಖ್ಯೆಯನ್ನು 32ರಿಂದ ಭಾಗಿಸಿದಾಗ ಬರುವ ಭಾಗಲಬ್ಧ, ಕೆಳಭಾಗವೆಂದರೆ ಶೇಷ. ಉದಾಹರಣೆಗೆ ಪರದೆಯ ನಟ್ಟನಡುವಿನ ಬಿಂದು ಬೇಕೆಂದರೆ, ಅಲ್ಪವಿರಾಮ, ಇಂಗ್ಲಿಷಿನ ಸಣ್ಣ ಎಫ್, ಸೊನ್ನೆ, ಅಟ್ ಚಿಹ್ನೆ, ಇಷ್ಟನ್ನು ಕಳಿಸಿದರಾಯಿತು. ಟೆಕ್ಟ್ರಾನಿಕ್ಸ್ ಚಿತ್ರದ ಕಡತವೊಂದನ್ನು ಸಾಮಾನ್ಯ ಪರದೆಯಲ್ಲಿ ತೆರೆದರೆ ಕಾಣುವುದು ಇಂಥದೇ ಅರ್ಥವಿಲ್ಲದ ಅಕ್ಷರಗಳ ಜಾತ್ರೆ.

ಸೆಕೆಂಡಿಗೆ 30 ಅಕ್ಷರ ಬರುವ ತಂತಿಯಲ್ಲಿ ಬಿಂದುವಿಗೆ ನಾಲ್ಕು ಅಕ್ಷರವೆಂದರೆ ಸೆಕೆಂಡಿಗೆ ಏಳೆಂಟು ಗೆರೆ ಮಾತ್ರ. ಅದಕ್ಕೆಂದೇ ಜಿಪುಣತನದ ನಿಯಮವೊಂದಿತ್ತು. ಹಿಂದಿನ ಬಿಂದುವಿಗಿಂತ ಬದಲಾಗದ ಭಾಗವನ್ನು ಕಳಿಸಬೇಕಾಗಿಲ್ಲ. ಕೊನೆಯದನ್ನು ಮಾತ್ರ ಕಳಿಸಲೇಬೇಕು. ಬಂದದ್ದು ಯಾವ ಭಾಗ ಎಂದು ಗುರುತಿಸಲು ಅಕ್ಷರಗಳನ್ನು ಮೂರು ಗುಂಪು ಮಾಡಿದ್ದರು. ಎತ್ತರದ ಕೆಳಭಾಗಕ್ಕೆ ಒಂದು ಗುಂಪು, ಅಡ್ಡದ ಕೆಳಭಾಗಕ್ಕೆ ಇನ್ನೊಂದು, ಎರಡರ ಮೇಲ್ಭಾಗಗಳಿಗೂ ಸೇರಿ ಮೂರನೆಯದು. ಎರಡು ಮೇಲ್ಭಾಗಗಳಲ್ಲಿ ಯಾವುದು ಯಾವುದೆಂದು ತಿಳಿಯುವುದು ಹೇಗೆ? ನಡುವೆ ಬರುವ ಎತ್ತರದ ಕೆಳಭಾಗವೇ ಬೇಲಿ. ಬೇಲಿಗಿಂತ ಮೊದಲು ಬಂದದ್ದು ಎತ್ತರ, ಆಮೇಲೆ ಬಂದದ್ದು ಅಡ್ಡ.

ಬೇಲಿ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಸೊಗಸಾದ ಪ್ರಸಂಗವಿದೆ. ಎತ್ತರದ ಕೆಳಭಾಗ 31 ಆದಾಗ ಕಳಿಸಬೇಕಾದ ಅಕ್ಷರದ ಸಂಖ್ಯೆ 127. ಆಸ್ಕಿ ಸಂಕೇತದಲ್ಲಿ 127 ಎಂದರೆ ಅಳಿಸು. ಅದು ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಬರೆಯುತ್ತಿದ್ದ ಕಾಲದ ಪಳೆಯುಳಿಕೆ. ತಪ್ಪು ಅಕ್ಷರದ ಮೇಲೆ ಏಳಕ್ಕೆ ಏಳೂ ತೂತು ಹೊಡೆದುಬಿಟ್ಟರೆ ಓದುವ ಯಂತ್ರ ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಈ ಅಭ್ಯಾಸದಿಂದ ಹಲವು ವ್ಯವಸ್ಥೆಗಳು 127ನ್ನು ದಾರಿಯಲ್ಲೇ ನುಂಗಿಹಾಕುತ್ತಿದ್ದವು. ನುಂಗಿದರೆ ಬೇಲಿಯೇ ಹೋಯಿತು. ಟರ್ಮಿನಲ್ ಅಡ್ಡದ ಮೇಲ್ಭಾಗವನ್ನು ಎತ್ತರವೆಂದು ತಿಳಿದು ಗೆರೆಯನ್ನು ಎಲ್ಲಿಗೋ ಎಳೆದುಬಿಡುತ್ತದೆ. ಬಿಂದುವಿನ ಅಡ್ಡದ ಮೇಲ್ಭಾಗ ಬದಲಾಗದಿದ್ದರೆ ಇನ್ನೂ ಮೋಸ. ಆಗ ಹಿಂದಿನ ಬಿಂದುವಿನ ಕೆಳಭಾಗವೇ ಉಳಿದು, ಗೆರೆ ತನ್ನ ಜಾಗದಿಂದ ಸ್ವಲ್ಪವೇ ಕೆಳಗೆ ಬೀಳುತ್ತದೆ. ನೋಡುವವರಿಗೆ ಅದು ತಪ್ಪೆಂದೇ ತಿಳಿಯುವುದಿಲ್ಲ. ಪ್ರಯೋಗದ ಫಲಿತಾಂಶವೇ ಹಾಗಿದೆ ಎಂದುಕೊಳ್ಳುತ್ತಾರೆ!

ಟೆಕ್ಟ್ರಾನಿಕ್ಸ್ ಇದಕ್ಕೆ ತೇಪೆ ಹಾಕಿತು. 127ರ ಬದಲಿಗೆ ಎಸ್ಕೇಪ್ ಸಂಕೇತ ಮತ್ತು ಪ್ರಶ್ನಾರ್ಥಕ ಚಿಹ್ನೆಯ ಜೋಡಿಯನ್ನೂ ಕಳಿಸಬಹುದು ಎಂದಿತು. ಈ ತೇಪೆ ಗೊತ್ತಿಲ್ಲದ ಎಮ್ಯುಲೇಟರಿಗೆ ಪ್ರಶ್ನಾರ್ಥಕ ಚಿಹ್ನೆಯೂ ಒಂದು ಸ್ಥಾನಸೂಚಕ ಅಕ್ಷರವೇ.

ಇದೇ ಭಾಷೆಯಲ್ಲಿ ಜಾಣತನದ ಜಾಗವೂ ಇದೆ. 4014ಕ್ಕೆ ಹೆಚ್ಚಿನ ಸಲಕರಣೆ ಸೇರಿಸಿದಾಗ ಬಿಂದುಗಳು ನಾಲ್ಕು ಪಟ್ಟು ನವಿರಾದವು. ಅಡ್ಡಕ್ಕೆ 4096, ಉದ್ದಕ್ಕೆ 3120. ಇಷ್ಟು ದೊಡ್ಡ ಸಂಖ್ಯೆಗೆ ನಾಲ್ಕು ಅಕ್ಷರ ಸಾಲದು, ಐದನೆಯದು ಬೇಕು. ಆ ಹೆಚ್ಚುವರಿ ಅಕ್ಷರಕ್ಕೆ ಎತ್ತರದ ಕೆಳಭಾಗದ ಗುಂಪಿನ ಗುರುತನ್ನೇ ಕೊಟ್ಟು, ನಿಜವಾದ ಕೆಳಭಾಗಕ್ಕಿಂತ ಮೊದಲು ಇಟ್ಟರು. ಹಳೆಯ 4010 ಅದನ್ನು ಕೆಳಭಾಗವೆಂದೇ ತಿಳಿಯುತ್ತದೆ. ಹಿಂದೆಯೇ ನಿಜವಾದದ್ದು ಬಂದು ಅದನ್ನು ಅಳಿಸಿಹಾಕುತ್ತದೆ. ಹೊಸ ಚಿತ್ರ ಹಳೆಯ ಯಂತ್ರದಲ್ಲೂ ಸ್ವಲ್ಪ ಒರಟಾಗಿ, ಆದರೆ ಸರಿಯಾಗಿಯೇ ಮೂಡುತ್ತದೆ. ನನಗೆ ಈ ಇಡೀ ಕಥೆಯಲ್ಲಿ ಬಹಳ ಹಿಡಿಸಿದ ತುಣುಕು ಇದು.

ಇನ್ನೊಂದು ಕಾಟ ಕಂಪ್ಯೂಟರಿನ ಕಡೆಯಿಂದ. ಚಿತ್ರವೂ ಅಕ್ಷರಗಳ ಸಾಲೇ ಆದ್ದರಿಂದ ದೊಡ್ಡ ಕಂಪ್ಯೂಟರು ಅದನ್ನು ಬರವಣಿಗೆ ಎಂದೇ ತಿಳಿದು, ಸಾಲು ಉದ್ದವಾಯಿತೆಂದು 80 ಅಕ್ಷರಕ್ಕೊಮ್ಮೆ ತಾನಾಗಿ ಹೊಸ ಸಾಲಿನ ಸಂಕೇತ ಸೇರಿಸುತ್ತಿತ್ತು. ಆ ಸಂಕೇತ ಬಂದೊಡನೆ ಟರ್ಮಿನಲ್ ಗೆರೆ ಎಳೆಯುವುದನ್ನು ಬಿಟ್ಟು ಬರೆಯುವ ಸ್ಥಿತಿಗೆ ಮರಳುತ್ತದೆ. ಚಿತ್ರದ ಉಳಿದ ಭಾಗವೆಲ್ಲ ಗೆರೆಯಾಗುವ ಬದಲು ಅಲ್ಪವಿರಾಮ, ಸೊನ್ನೆ, ಅಟ್ ಚಿಹ್ನೆಗಳಾಗಿ ಪರದೆಯ ತುಂಬ ಉದುರುತ್ತದೆ. ಅಳಿಸೋಣವೆಂದರೆ, ಮೊದಲೇ ಹೇಳಿದಂತೆ, ಇಡೀ ಸ್ಲೇಟು ತೊಳೆಯಬೇಕು.

ಒಂದು ದೇಹ, ಎರಡು ಜೀವ

ಚಿಪ್ಪುಗಳ ಬೆಲೆ ಇಳಿದಂತೆ 1980ರ ದಶಕದಲ್ಲಿ ಸಂಗ್ರಹ ನಳಿಕೆಯ ಕಾಲ ಮುಗಿಯುತ್ತ ಬಂತು. ಟಿವಿಯಂತೆ ಚುಕ್ಕೆಗಳಿಂದ ಚಿತ್ರ ಕಟ್ಟುವ ಪರದೆಗಳು ಬಂದವು. ಆದರೆ ಟೆಕ್ಟ್ರಾನಿಕ್ಸ್ ಭಾಷೆಯಲ್ಲಿ ಮಾತಾಡುವ ಪ್ರೋಗ್ರಾಮುಗಳು ಆಗಲೇ ಊರ ತುಂಬ ಇದ್ದವು. ಅವನ್ನು ಬಿಟ್ಟು ಹೊಸ ಟರ್ಮಿನಲ್ ಕೊಳ್ಳುವವರಿಲ್ಲ. ಹಾಗಾಗಿ ಪೈಪೋಟಿಯ ಕಂಪನಿಗಳೇ ವೇಷ ಹಾಕತೊಡಗಿದವು.

ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್, ಚಿಕ್ಕದಾಗಿ ಡೆಕ್, 1978ರಲ್ಲಿ ತಂದ ವಿಟಿ100 ಅಕ್ಷರದ ಟರ್ಮಿನಲ್‌ಗಳಿಗೆಲ್ಲ ಮಾದರಿಯಾಗಿತ್ತು. ಅದೇ ಕಂಪನಿ 1980ರ ದಶಕದ ಮೊದಲರ್ಧದಲ್ಲಿ ತಂದ ವಿಟಿ240ರಲ್ಲಿ ಅವರದೇ ರೀಜಿಸ್ ಎಂಬ ಚಿತ್ರಭಾಷೆಯೂ ಇತ್ತು, ಟೆಕ್ಟ್ರಾನಿಕ್ಸ್ ವೇಷವೂ ಇತ್ತು. ಆದರೆ ಅದರ ಪರದೆಯಲ್ಲಿದ್ದದ್ದು ಅಡ್ಡಕ್ಕೆ 800, ಉದ್ದಕ್ಕೆ ಬರೀ 240 ಚುಕ್ಕೆ. ಟೆಕ್ಟ್ರಾನಿಕ್ಸ್‌ನ 780 ಸಾಲುಗಳು 240ರಲ್ಲಿ ಹಿಡಿಸಬೇಕಾದರೆ ಮೂರಕ್ಕೂ ಹೆಚ್ಚು ಸಾಲು ಒಂದಾಗಬೇಕು. ಭೂಪಟದ ಸಮೋನ್ನತಿ ರೇಖೆಗಳಂಥ ಒತ್ತೊತ್ತಾದ ಗೆರೆಗಳು ಕೂಡಿಕೊಂಡು ದಪ್ಪ ಪಟ್ಟಿಗಳಾಗುತ್ತವೆ.

ಇನ್ನೊಂದು ಗೊಂದಲ, ಒಂದೇ ದೇಹದಲ್ಲಿ ಎರಡು ಜೀವ ಇದ್ದದ್ದರಿಂದ ಹುಟ್ಟಿದ್ದು. ಎಸ್ಕೇಪ್ ಸಂಕೇತದ ಹಿಂದೆ 8 ಎಂಬ ಅಂಕಿ ಬಂದರೆ 4014 ದೊಡ್ಡ ಅಕ್ಷರದ ಗಾತ್ರವನ್ನು ಆರಿಸಿಕೊಳ್ಳುತ್ತದೆ. ಅದೇ ಜೋಡಿ ವಿಟಿ100ಕ್ಕೆ ಬಂದರೆ, ಹಿಂದೆ ಗುರುತಿಟ್ಟ ಜಾಗಕ್ಕೆ ಮರಳು ಎಂದರ್ಥ. ಯಾವ ಹೊತ್ತಿನಲ್ಲಿ ಯಾವ ಜೀವ ಎಚ್ಚರವಾಗಿದೆ ಎಂಬುದರ ಮೇಲೆ ಅರ್ಥ ನಿಂತಿದೆ. ನಿಜವಾದ 4014ಕ್ಕೆ ಈ ಪ್ರಶ್ನೆಯೇ ಇರಲಿಲ್ಲ, ಅದು ಒಂಟಿ ಜೀವ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೊರಳುವ ಆಜ್ಞೆಯೂ ಅದರ ಭಾಷೆಯಲ್ಲಿ ಇರಲಿಲ್ಲ. ವೇಷಧಾರಿಗಳು ತಮ್ಮ ತಮ್ಮ ಆಜ್ಞೆಗಳನ್ನು ತಾವೇ ಹೊಸೆದುಕೊಂಡರು.

ಹೊಸೆದದ್ದು ಒಬ್ಬೊಬ್ಬರದು ಒಂದೊಂದು ರೀತಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಹುಟ್ಟಿದ ಕರ್ಮಿಟ್ ಎಂಬ ಪ್ರೋಗ್ರಾಮು (ಬೊಂಬೆಯಾಟದ ಕಪ್ಪೆಯೊಂದರ ಹೆಸರು ಅದು) ವೈಯಕ್ತಿಕ ಕಂಪ್ಯೂಟರನ್ನು ಟರ್ಮಿನಲ್ ಆಗಿ ಮಾಡಿಕೊಡುತ್ತಿತ್ತು. ದಶಕದ ಕೊನೆಯ ಹೊತ್ತಿಗೆ ಅದರ ಎಂಎಸ್-ಡಾಸ್ ಆವೃತ್ತಿಯೂ ಟೆಕ್ಟ್ರಾನಿಕ್ಸ್ ವೇಷ ಕಲಿಯಿತು. ಪರದೆ ತೊಳೆಯುವ ಆಜ್ಞೆ ಬಂದದ್ದೇ ತಡ, ಅದು ತಾನಾಗಿಯೇ ಟೆಕ್ಟ್ರಾನಿಕ್ಸ್ ಆಗಿಬಿಡುತ್ತಿತ್ತು. ಅನುಕೂಲವೇ ಸರಿ. ಆದರೆ ದೂರವಾಣಿ ತಂತಿಯ ಗದ್ದಲದಲ್ಲೋ ಯಾವುದೋ ಕಡತದಲ್ಲೋ ಆ ಎರಡು ಸಂಕೇತಗಳು ಅಕಸ್ಮಾತ್ ಜೊತೆಯಾಗಿ ಬಂದರೆ, ಪತ್ರ ಓದುತ್ತಿದ್ದವನ ಮುಂದೆ ಹಠಾತ್ತನೆ ಚಿತ್ರದ ಪರದೆ ಬಂದು ನಿಲ್ಲುತ್ತದೆ. ಹಳೆಯ ಪಿಸಿಯ ಸಿಜಿಎ ಪರದೆಯಲ್ಲಿ ಉದ್ದಕ್ಕೆ ಇದ್ದದ್ದು 200 ಚುಕ್ಕೆ ಮಾತ್ರ. ಅಲ್ಲಿ ಚಿತ್ರ ಏನಾಗುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಕಡ್ಡಿಗಳ ಕಥೆ

ನೋಡುವುದಷ್ಟೇ ಅಲ್ಲ, ತೋರಿಸುವುದೂ ಇತ್ತು. ಟೆಕ್ಟ್ರಾನಿಕ್ಸ್ ಕೀಲಿಮಣೆಯ ಪಕ್ಕದಲ್ಲಿ ಎರಡು ಹಲ್ಲುಗಾಲಿಗಳು. ಅವನ್ನು ಹೆಬ್ಬೆರಳಿನಿಂದ ತಿರುಗಿಸಿದರೆ ಪರದೆಯ ಮೇಲೆ ಒಂದು ಅಡ್ಡ ಕಡ್ಡಿ, ಒಂದು ಉದ್ದ ಕಡ್ಡಿ ಸರಿದಾಡುತ್ತವೆ. ಎರಡೂ ಕೂಡುವ ಜಾಗ ಬೇಕಾದ ಕಡೆ ಬಂದಾಗ ಯಾವುದಾದರೂ ಕೀಲಿ ಒತ್ತಿದರೆ, ಟರ್ಮಿನಲ್ ಆ ಕೀಲಿಯನ್ನೂ ಜಾಗವನ್ನೂ ಕಂಪ್ಯೂಟರಿಗೆ ಕಳಿಸುತ್ತದೆ. ಇಲ್ಲೊಂದು ವಕ್ರತೆ ಇದೆ. ಕಂಪ್ಯೂಟರು ಟರ್ಮಿನಲ್‌ಗೆ ಹೇಳುವಾಗ ಎತ್ತರ ಮೊದಲು, ಅಡ್ಡ ಆಮೇಲೆ. ಟರ್ಮಿನಲ್ ಕಂಪ್ಯೂಟರಿಗೆ ಹೇಳುವಾಗ ಅಡ್ಡ ಮೊದಲು!

ಜಾಗ ಹೇಳಿದ ಮೇಲೆ ವಾಕ್ಯ ಮುಗಿಯಿತೆಂದು ತಿಳಿಸಲು ಒಂದು ಸಂಕೇತ ಕಳಿಸಬೇಕೇ, ಎರಡು ಕಳಿಸಬೇಕೇ, ಏನೂ ಬೇಡವೇ? ಇದನ್ನು ಟೆಕ್ಟ್ರಾನಿಕ್ಸ್ ಗಿರಾಕಿಗಳಿಗೇ ಬಿಟ್ಟಿತ್ತು. ಯಂತ್ರದೊಳಗಿನ ಹಲಗೆಯ ಮೇಲೆ ತಂತಿಯ ಕೊಂಡಿಯೊಂದನ್ನು ಬದಲಿಸಿ ತಮ್ಮ ಕಂಪ್ಯೂಟರಿಗೆ ತಕ್ಕ ಹಾಗೆ ಮಾಡಿಕೊಳ್ಳಬಹುದಿತ್ತು. ಪ್ರೋಗ್ರಾಮು ಬರೆದವರು ತಮ್ಮ ಕೋಣೆಯ ಯಂತ್ರದ ಕೊಂಡಿ ಹೇಗಿತ್ತೋ ಹಾಗೆ ಬರೆದರು. ಕೊಂಡಿ ಎಲ್ಲಿತ್ತು ಎಂಬುದು ಪ್ರೋಗ್ರಾಮಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಯಂತ್ರ ಗುಜರಿಗೆ ಹೋದಾಗ ಆ ಮಾಹಿತಿಯೂ ಜೊತೆಗೇ ಹೋಯಿತು. ಎಮ್ಯುಲೇಟರಿನಲ್ಲಿ ತಪ್ಪು ಆಯ್ಕೆ ಇದ್ದರೆ, ಕಡ್ಡಿ ಸರಿಸಿ ಕೀಲಿ ಒತ್ತಿದ ಮೇಲೂ ಪ್ರೋಗ್ರಾಮು ಇನ್ನೂ ಏನೋ ಬರಬೇಕೆಂದು ಸುಮ್ಮನೆ ಕಾಯುತ್ತ ಕೂರುತ್ತದೆ. ತಪ್ಪಿನ ಸೂಚನೆಯೂ ಇಲ್ಲ, ಉತ್ತರವೂ ಇಲ್ಲ.

ಪರದೆ ಒರಟಾದರೆ ಕೈಯೂ ಒರಟಾಗುತ್ತದೆ. ವಿಟಿ240ರ ಒಂದು ಚುಕ್ಕೆ ಟೆಕ್ಟ್ರಾನಿಕ್ಸ್‌ನ ಮೂರು ಸಾಲುಗಳಿಗೆ ಸಮನಾದಾಗ, ನಡುವಿನ ಎಷ್ಟೋ ಸಾಲುಗಳನ್ನು ಕಡ್ಡಿಯಿಂದ ಮುಟ್ಟಲು ಸಾಧ್ಯವೇ ಇಲ್ಲ. ಈ ಗೆರೆಯನ್ನು ಆರಿಸು ಎಂದು ಪ್ರೋಗ್ರಾಮು ಕೇಳುತ್ತದೆ. ಆರಿಸುವವನ ಕಡ್ಡಿ ಗೆರೆಯ ಮೇಲೆಯೋ ಕೆಳಗೋ ಬೀಳುತ್ತದೆ.

ಎಕ್ಸ್‌ಟರ್ಮ್ ಬಂತು

ಇಂದಿಗೂ ಬಳಕೆಯಲ್ಲಿರುವ ಹೆಸರಾಂತ ವೇಷಧಾರಿ ಎಕ್ಸ್‌ಟರ್ಮ್. 1984ರ ಬೇಸಿಗೆಯಲ್ಲಿ, ಎಂಐಟಿಯಲ್ಲಿ ಎಕ್ಸ್ ಎಂಬ ಕಿಟಕಿ ವ್ಯವಸ್ಥೆಯ ಕೆಲಸ ಶುರುವಾದ ಹೊತ್ತಿನಲ್ಲಿ, ಜಿಮ್ ಗೆಟ್ಟಿಸ್ ಅವರ ಬಳಿ ಇದ್ದ ಮಾರ್ಕ್ ವಾಂಡೆವೂರ್ಡ್ ಎಂಬ ವಿದ್ಯಾರ್ಥಿ ಇದನ್ನು ಬರೆಯಲು ಆರಂಭಿಸಿದರು. 1996ರಿಂದ ಥಾಮಸ್ ಡಿಕಿ ಇದರ ನಿರ್ವಹಣೆ ಹೊತ್ತಿದ್ದಾರೆ. ಮುಖ್ಯವಾಗಿ ಇದು ವಿಟಿ ಸರಣಿಯ ಅಕ್ಷರದ ಟರ್ಮಿನಲ್. ಆದರೆ ಕೇಳಿದರೆ 4014ರ ವೇಷದಲ್ಲಿ ಇನ್ನೊಂದು ಕಿಟಕಿಯನ್ನೂ ತೆರೆಯುತ್ತದೆ. ಒಂದು ದೇಹಕ್ಕೆ ಎರಡು ಜೀವ ಎಂಬ ಜಗಳ ಬೇಡವೆಂದು ಎರಡು ಜೀವಗಳಿಗೂ ಬೇರೆ ಬೇರೆ ಕಿಟಕಿ ಕೊಟ್ಟದ್ದು ಒಳ್ಳೆಯ ಉಪಾಯ. ಕೊಂಡಿಯ ಸಮಸ್ಯೆಯನ್ನೂ ಅದು ಪ್ರಾಮಾಣಿಕವಾಗಿ ಒಪ್ಪಿಕೊಂಡಿದೆ. ಏನೂ ಬೇಡ, ಒಂದು ಸಂಕೇತ, ಎರಡು ಸಂಕೇತ, ಈ ಮೂರರಲ್ಲಿ ಬೇಕಾದ್ದನ್ನು ಬಳಸುವವರೇ ಆರಿಸಿಕೊಳ್ಳಬಹುದು.

ಅಲ್ಲಿ ಗಾಜಿನ ನೆನಪಿಲ್ಲ. ಕಿಟಕಿಯ ಮೇಲೆ ಇನ್ನೊಂದು ಕಿಟಕಿ ಬಂದು ಹೋದರೆ ಚಿತ್ರ ಅಳಿಸಿಹೋಗಬಹುದು. ಅದಕ್ಕಾಗಿ ಎಕ್ಸ್‌ಟರ್ಮ್ ಬಂದ ಅಕ್ಷರಗಳನ್ನೆಲ್ಲ ಪಟ್ಟಿ ಮಾಡಿಟ್ಟುಕೊಂಡು, ಬೇಕಾದಾಗ ಮೊದಲಿನಿಂದ ಎಲ್ಲವನ್ನೂ ಮತ್ತೆ ಬರೆಯುತ್ತದೆ. ಹಳೆಯ ಯಂತ್ರದಲ್ಲಿ ಗೆರೆ ಎಷ್ಟಾದರೂ ಗಾಜಿಗೆ ಭಾರವಿಲ್ಲ. ಇಲ್ಲಿ ಪರದೆ ತೊಳೆಯುವವರೆಗೂ ಪಟ್ಟಿ ಬೆಳೆಯುತ್ತಲೇ ಇರುತ್ತದೆ.

ಒಂದು ಕಡೆ ಅದು ಕೈಚೆಲ್ಲಿದೆ. 4014ರಲ್ಲಿ ಕಿರಣದ ಬಲ ತಗ್ಗಿಸಿ, ಗಾಜಿನ ನೆನಪಿಗೆ ಅಂಟದಂತೆ ತೇಲಿಸಿ ಬರೆಯುವ ವಿಧಾನವೊಂದಿತ್ತು. ಹೀಗೆ ಬರೆದದ್ದು ಕ್ಷಣದಲ್ಲಿ ಮಾಯವಾಗುತ್ತದೆ. ಅಳಿಸಲಾಗದ ಸ್ಲೇಟಿನ ಮೇಲೆ ಚಲಿಸುವ ವಸ್ತುವನ್ನು ತೋರಿಸಲು ಪ್ರೋಗ್ರಾಮುಗಳಿಗೆ ಇದೇ ದಾರಿ. ಎಕ್ಸ್‌ಟರ್ಮ್‌ನ ಕೈಪಿಡಿ ಈ ಸೌಲಭ್ಯ ಇಲ್ಲವೆಂದು ನೇರವಾಗಿಯೇ ಹೇಳುತ್ತದೆ. ಹಾಗಾಗಿ ಮಾಯವಾಗಬೇಕಾದ ಗೆರೆಗಳು ಉಳಿದುಬಿಡುತ್ತವೆ. ಸರಿದಾಡಬೇಕಾದ ಗುರುತು ತನ್ನ ಹಿಂದೆ ಗೆರೆಗಳ ರಾಶಿ ಬಿಟ್ಟುಕೊಂಡು ಹೋಗುತ್ತದೆ.

ಅಕ್ಷರಗಳ ವಿಷಯದಲ್ಲಿ ಸಮಸ್ಯೆ ಇದಕ್ಕೆ ತಿರುವುಮುರುವು. ಎಪಿಎಲ್ ಎಂಬ ಗಣಿತಪ್ರಿಯರ ಕಂಪ್ಯೂಟರು ಭಾಷೆಯಲ್ಲಿ, ನಮ್ಮ ಒತ್ತಕ್ಷರಗಳ ಹಾಗೆ, ಒಂದು ಚಿಹ್ನೆಗೆ ಇನ್ನೊಂದನ್ನು ಸೇರಿಸಿ ಹೊಸ ಚಿಹ್ನೆ ಮಾಡುವ ಪದ್ಧತಿ ಇತ್ತು. ಒಂದು ವೃತ್ತ ಬರೆದು, ಹಿಂದಕ್ಕೆ ಬಂದು, ಅದರ ಮೇಲೆಯೇ ನಕ್ಷತ್ರ ಬರೆದರೆ ಲಾಗರಿದಮ್. ಎಪಿಎಲ್ ಬಳಸುವವರಿಗಾಗಿ ಟೆಕ್ಟ್ರಾನಿಕ್ಸ್ 4013 ಎಂಬ ಬೇರೆ ಮಾದರಿಯನ್ನೇ ತಂದಿತ್ತು. ಏನನ್ನೂ ಅಳಿಸಲು ಬಾರದ ಗಾಜಿನ ಮೇಲೆ ಇದು ತಾನಾಗಿ ನಡೆಯುತ್ತದೆ, ದೋಷವೇ ಗುಣ. ವಿಟಿ100ರಂಥ ಪರದೆಯಲ್ಲಿ ನಕ್ಷತ್ರ ಬಂದೊಡನೆ ವೃತ್ತ ಹೋಗುತ್ತದೆ.

ಈ ಎಲ್ಲ ಭೇದಗಳು ಎಷ್ಟು ದೂರ ಹರಡಿದವು ಎಂಬುದಕ್ಕೆ ಗ್ನುಪ್ಲಾಟ್ ಸಾಕ್ಷಿ. 1986ರಲ್ಲಿ ಶುರುವಾದ, ವಿಜ್ಞಾನಿಗಳು ಇಂದಿಗೂ ಬಳಸುವ ಆಲೇಖ ಬಿಡಿಸುವ ಪ್ರೋಗ್ರಾಮು ಅದು. ಟೆಕ್ಟ್ರಾನಿಕ್ಸ್‌ಗೆ ಚಿತ್ರ ಕಳಿಸುವ ಒಂದು ವಿಧಾನ ಅದರಲ್ಲಿ ಇರಬೇಕಾದದ್ದು ಸಹಜ. ಆದರೆ ಮೂಲ ಯಂತ್ರಕ್ಕೆ ಒಂದು, ಎಕ್ಸ್‌ಟರ್ಮ್ ಕಿಟಕಿಗೆ ಒಂದು, ವಿಟಿ ಮಾದರಿಯ ವೇಷಕ್ಕೆ ಒಂದು, ಬಣ್ಣವಿರುವ ಕರ್ಮಿಟ್‌ಗೆ ಒಂದು, ಬಣ್ಣವಿಲ್ಲದ ಕರ್ಮಿಟ್‌ಗೆ ಇನ್ನೊಂದು ಎಂದು ಅದರ ಪಟ್ಟಿ ಬೆಳೆದಿತ್ತು. ಮೂಲ ಒಂದೇ, ವೇಷಧಾರಿಗಳು ಹಲವರು. ಕೊನೆಗೆ ಪ್ರೋಗ್ರಾಮು ಬರೆಯುವವರು ಮೂಲವನ್ನು ಬಿಟ್ಟು ಪ್ರತಿಯೊಬ್ಬ ವೇಷಧಾರಿಯ ಮರ್ಜಿಯನ್ನೂ ಕಾಯಬೇಕಾಯಿತು.

ನಿಧಾನವೂ ಚಿತ್ರದ ಭಾಗ

ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಾಲ. ಟೆಕ್ಟ್ರಾನಿಕ್ಸ್ ಕಂಪನಿಯೇ ಕೊಡುತ್ತಿದ್ದ ಪ್ಲಾಟ್-10 ಎಂಬ ಫೋರ್ಟ್ರಾನ್ ಪ್ರೋಗ್ರಾಮುಗಳ ಸಂಗ್ರಹವಿತ್ತು. ಅದನ್ನು ಬಳಸುವವರು ಮೊದಲ ಆಜ್ಞೆಯಲ್ಲೇ ತಂತಿಯಲ್ಲಿ ಸೆಕೆಂಡಿಗೆ ಎಷ್ಟು ಅಕ್ಷರ ಹೋಗುತ್ತದೆ ಎಂದು ತಿಳಿಸಬೇಕಿತ್ತು. ಪರದೆ ತೊಳೆಯುವಾಗ ಟರ್ಮಿನಲ್ ಕಿವುಡಾಗುತ್ತದಲ್ಲ, ಆ ಹೊತ್ತನ್ನು ತುಂಬಲು ಎಷ್ಟು ಬೇಡದ ಸಂಕೇತ ಕಳಿಸಬೇಕೆಂದು ಲೆಕ್ಕ ಹಾಕುವುದಕ್ಕೆ ಅದು ಬೇಕಿತ್ತು. ಅಂದರೆ ತಂತಿಯ ವೇಗವನ್ನೇ ಗಡಿಯಾರ ಮಾಡಿಕೊಂಡಿದ್ದರು. ಇಂದಿನ ಎಮ್ಯುಲೇಟರಿನಲ್ಲಿ ತಂತಿ ಎಂಬುದೇ ಇಲ್ಲ. ಆ ಸಂಕೇತಗಳೆಲ್ಲ ಕಣ್ಣು ಮಿಟುಕಿಸುವ ಮೊದಲೇ ಮುಗಿದುಹೋಗುತ್ತವೆ. ಒಂದು ಚಿತ್ರ ತೋರಿಸಿ, ನೋಡಲು ಬಿಡುವು ಕೊಟ್ಟು, ತೊಳೆದು, ಮುಂದಿನದನ್ನು ತೋರಿಸಬೇಕಾದ ಪ್ರೋಗ್ರಾಮು ಕೊನೆಯ ಚಿತ್ರವನ್ನಷ್ಟೇ ಉಳಿಸಿ ಕೈಮುಗಿಯುತ್ತದೆ.

ಹಳೆಯ ಕಂಪ್ಯೂಟರುಗಳನ್ನೇ ಮತ್ತೆ ನಡೆಸುವ ಕೆಲಸ ಈಗ ಬಹಳ ಮುಂದುವರಿದಿದೆ. ಡೆಕ್ ಕಂಪನಿಯಲ್ಲಿದ್ದ ಬಾಬ್ ಸಪ್ನಿಕ್ 1993ರಲ್ಲಿ ಶುರುಮಾಡಿದ ಸಿಮ್‌ಹೆಚ್ ಎಂಬ ಪ್ರೋಗ್ರಾಮಿನಲ್ಲಿ ಪಿಡಿಪಿ-11ರಂಥ 1970ರ ದಶಕದ ಯಂತ್ರಗಳು ತಮ್ಮ ಮೂಲ ಪ್ರೋಗ್ರಾಮುಗಳ ಸಮೇತ ಓಡುತ್ತವೆ. ಮಿದುಳು ಮರಳಿ ಬಂದಿದೆ, ಆದರೆ ಅದು ಬಿಡಿಸುವ ಚಿತ್ರ ಕಾಣಬೇಕಾದರೆ ಟರ್ಮಿನಲ್ ಬೇಕು. ಎಕ್ಸ್‌ಟರ್ಮ್ ಅನ್ನು ಕಟ್ಟುವಾಗ 4014ರ ಭಾಗವನ್ನು ಬೇಡವೆಂದು ಬಿಟ್ಟುಬಿಡುವ ಅವಕಾಶವೂ ಇದೆ. ಹಾಗೆ ಬಿಟ್ಟ ಕಡೆ ಆ ಕಡತಗಳು ಮತ್ತೆ ಅಲ್ಪವಿರಾಮ, ಸೊನ್ನೆಗಳ ಜಾತ್ರೆಯೇ.

ಇತ್ತೀಚಿನ ವರ್ಷಗಳಲ್ಲಿ ಹವ್ಯಾಸಿಗಳು ಇನ್ನೊಂದು ತುದಿಯಿಂದ ಪ್ರಯತ್ನ ಶುರುಮಾಡಿದ್ದಾರೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗಾಗಿ ಬರೆದ ಒಂದು ಎಮ್ಯುಲೇಟರ್ ಆಜ್ಞೆಗಳನ್ನಷ್ಟೇ ಅಲ್ಲದೆ ನಳಿಕೆಯನ್ನೂ ಅನುಕರಿಸುತ್ತದೆ. ಕಿರಣ ಹಾಯ್ದ ಕಡೆ ಮೊದಲು ಬೆಳ್ಳಗೆ ಹೊಳೆಯುವ ಚುಕ್ಕೆ ಓಡುತ್ತದೆ. ಅದರ ಹಿಂದೆ ಗೆರೆ ತಣಿದು ಮಂದ ಹಸಿರಾಗಿ ನಿಲ್ಲುತ್ತದೆ. ತಂತಿಯ ವೇಗ ಇಷ್ಟಿರಲಿ ಎಂದು ಶುರುವಿನಲ್ಲೇ ಹೇಳಬಹುದು. ಸೆಕೆಂಡಿಗೆ 9600 ಬಿಟ್ ಎಂದರೆ ಸುಮಾರು 960 ಅಕ್ಷರ, ಅಂದರೆ ಇನ್ನೂರ ನಲವತ್ತರಷ್ಟು ಗೆರೆ. 1200 ಎಂದರೆ ಮೂವತ್ತೇ ಗೆರೆ. 300 ಎಂದು ಹೇಳಿ ಕುಳಿತರೆ ಗೆರೆಗಳು ಒಂದೊಂದಾಗಿ ಎಣಿಸುವಷ್ಟು ನಿಧಾನವಾಗಿ ಮೂಡುತ್ತವೆ. ದೊಡ್ಡ ನಕ್ಷೆಯಾದರೆ ಎದ್ದು ಹೋಗಿ ಕಾಫಿ ಕುಡಿದು ಬರಬಹುದು.